ಭೀಮಣ್ಣನ ಮೊಳೆ

ಕೂಡ್ಲಿಗಿಯಿಂದ ಕೊಟ್ಟೂರಿನ ಕಡೆ ಹೊರಟರೆ, ಊರು ಮುಗಿದು ಹೊಲ ಶುರುವಾಗುವಲ್ಲಿ ಮಕ್ತುಂ ಸಾಬರ ಗ್ಯಾರೇಜು ಸಿಗುತ್ತದೆ. ಗ್ಯಾರೇಜೆಂದರೆ ಮೇಲೊಂದಿಷ್ಟು ತಗಡು, ನೆಲದಲ್ಲೊಂದು ಗುಂಡಿ, ಮುಂದೊಂದು ಬೇವಿನ ಮರ. ಆ ಮರದ ಬೊಡ್ಡೆಗೆ ಹೆಬ್ಬೆರಳು ದಪ್ಪದ ಮೊಳೆಯೊಂದಿತ್ತು. ಅದಕ್ಕೆ ಭೀಮಣ್ಣನ ಮೊಳೆ ಎಂದೇ ಹೆಸರು. ಹೊಡೆದವನು ಲೈನ್‌ಮನ್ ಭೀಮರಾಜ. ಅದನ್ನು ಯಾಕೆ ಹೊಡೆದ, ಮುಂದೆ ತಾನೇ ಯಾಕೆ ಕಿತ್ತ ಎಂಬುದೇ ಈ ಮನುಷ್ಯನ ಕಥೆ.

ನೌಕರಿಗೆ ಸೇರಿದ ಹೊಸದರಲ್ಲಿ ಭೀಮರಾಜ ಯರ್ರೆಪ್ಪ ಎಂಬ ಹಿರಿಯ ಲೈನ್‌ಮನ್ ಜೊತೆ ಹಗರಿಬೊಮ್ಮನಹಳ್ಳಿ ಕಡೆಯ ಹಳ್ಳಿಗಳಲ್ಲಿ ಕಂಬ ಹತ್ತುತ್ತಿದ್ದ. ಒಂದು ಕಂಬದ ತುದಿಯಲ್ಲಿ ತಂತಿ ಹಿಡಿಯುವ ಪಿಂಗಾಣಿಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಇಬ್ಬರೂ ನೋಡಿದ್ದರು. "ಇರ್ಲಿ ಬಿಡಲೇ ತಮ್ಮಾ, ಒಡದಾಗ ಹಾಕಿದ್ರಾತು" ಎಂದು ಯರ್ರೆಪ್ಪನೇ ಹೇಳಿದ. ಅದು ಒಡೆದಾಗ ಯರ್ರೆಪ್ಪ ಅದೇ ಕಂಬದ ಮೇಲಿದ್ದ. ಕೆಳಗೆ ಹಗ್ಗ ಹಿಡಿದು ನಿಂತಿದ್ದ ಭೀಮರಾಜನಿಗೆ ಮೊದಲು ಕೇಳಿದ್ದು ಚಿಟ್ ಎಂಬ ಸಣ್ಣ ಸದ್ದು, ಪುಟಾಣಿ ಕಾಳು ಹಲ್ಲಿಗೆ ಸಿಕ್ಕಂಥದ್ದು. ಆಮೇಲೆ ಏನಾಯಿತೆಂದು ಅವನು ಯಾರಿಗೂ ಬಿಡಿಸಿ ಹೇಳಿದ್ದಿಲ್ಲ. ಯರ್ರೆಪ್ಪನ ಹೆಂಡತಿ ಕೇಳಿದಾಗಲೂ "ನೋವಾಗ್ಲಿಲ್ಲಕ್ಕಾ, ಗೊತ್ತೇ ಆಗಿಲ್ಲ ಅವಗ" ಎಂದಷ್ಟೇ ಹೇಳಿ ಎದ್ದು ಬಂದಿದ್ದ.

ಅಂದಿನಿಂದ ಭೀಮರಾಜ ಯಾವ ವಸ್ತುವೂ ಕೆಡುವ ತನಕ ಕಾಯುವವನಲ್ಲ. ಗ್ಯಾಸಿನ ಪೈಪು ಮೆತ್ತಗಿರುವಾಗಲೇ ಹೊಸದು ಬರುತ್ತಿತ್ತು. ಚಪ್ಪಲಿಯ ಉಂಗುಟ ಗಟ್ಟಿಯಿರುವಾಗಲೇ ಹೊಸ ಜೋಡು. ಬಾವಿ ಇಲ್ಲದ ಮನೆಯಲ್ಲೂ ಹಗ್ಗ ಬದಲಿಸುವ ಗಂಡಸು ಎಂದು ಹೆಂಡತಿ ಕನಕಮ್ಮ ನಗುತ್ತಿದ್ದಳು.

"ನೋಡವ್ವಾ, ಈ ಮನ್ಯಾಗ ಹಳೇದು ಅಂತ ಉಳದಾಕಿ ನಾನೊಬ್ಬಾಕಿ" ಎಂದು ಪಕ್ಕದ ಮನೆಯವರಿಗೆ ಕೇಳುವಂತೆ ಅನ್ನುತ್ತಿದ್ದಳು. "ನನ್ನ ಯಾವ ಹುಣ್ಣಿಮಿಗೆ ಬದ್ಲಿ ಮಾಡ್ತಾನೋ ಏನೋ!"

"ನೀ ಕೆಡೋ ಸಾಮಾನಲ್ಲ ಬಿಡು, ಕೆಡಿಸೋ ಸಾಮಾನು" ಎನ್ನುತ್ತಿದ್ದ ಭೀಮರಾಜ.

ಹುಣ್ಣಿಮೆಯ ಮಾತು ಬಂದದ್ದಕ್ಕೆ ಕಾರಣವಿದೆ. ಗಾಡಿ ಇಟ್ಟುಕೊಂಡವರೆಲ್ಲ ಅಮಾವಾಸ್ಯೆಗೆ ಗಾಡಿ ತೊಳೆದು, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆಯುತ್ತಾರೆ. ಭೀಮರಾಜನದು ಬುದ್ಧನಿಗೆ ನಡೆದುಕೊಳ್ಳುವ ಮನೆ. ಹುಣ್ಣಿಮೆಯ ಬೆಳಿಗ್ಗೆ ಮೇಣದಬತ್ತಿ ಹಚ್ಚಿ, ವಂದನೆ ಮುಗಿಸಿ, ಹಳೇ ಲುಂಗಿ ಸುತ್ತಿಕೊಂಡು ಅವನು ತನ್ನ ಕಾರಿನ ಕೆಳಗೆ ಮಲಗುತ್ತಿದ್ದ. ಬೇರೆಯವರು ಬಳಸಿ ಬಿಟ್ಟ ಬಿಳಿ ಕಾರು ಅದು. ಆ ಮಾಡೆಲ್ ಬರುವುದು ನಿಂತು ಕಾಲವಾಯಿತು, ಆದರೆ ನಮ್ಮ ಕಡೆ ಇನ್ನೂ ತುಂಬ ಓಡಾಡುತ್ತವೆ. ಮೇಷ್ಟ್ರುಗಳ ಮನೆ ಮುಂದೆ, ಹೂವಿನ ವ್ಯಾಪಾರಿಗಳ ಹತ್ತಿರ, ಮದುವೆ ವಿಡಿಯೋ ತೆಗೆಯುವವರ ಬಳಿ ನೋಡಬಹುದು. ಕೆಳಗೆ ಮಲಗಿ ಎದ್ದವನೇ ಭೀಮರಾಜ ಸೀದಾ ಮಕ್ತುಂ ಸಾಬರ ಗ್ಯಾರೇಜಿಗೆ ಹೋಗಿ "ಇದನ್ನ ಬಿಚ್ರಿ" ಎನ್ನುತ್ತಿದ್ದ.

"ಇನ್ನೂ ಜೀವ ಐತಲ್ರೀ ಭೀಮಣ್ಣ ಇದಕ್ಕ!"

"ಜೀವ ಇದ್ದಾಗs ಬಿಚ್ಬೇಕ್ರಿ ಸಾಬ್ರೇ. ಹೋದ ಮ್ಯಾಲೆ ಬಿಚ್ಚಾಕ ನಾ ಇರ್ತೀನೋ ಇಲ್ಲೋ."

"ಗಾಡಿ ಸಾಮಾನು ಸುಮ್ನ ಸಾಯಂಗಿಲ್ರಿ. ಮೊದ್ಲು ನರಳತೈತಿ, ಬಿಸಿ ಆಗತೈತಿ, ಅಳತೈತಿ. ಕೇಳೋ ಕಿವಿ ಇದ್ರ ಸಾಕು."

"ಕರೆಂಟಿನ ಸಾಮಾನು ನರಳಂಗಿಲ್ಲ ಸಾಬ್ರೇ."

ಸಾಬರಿಗೆ ಯರ್ರೆಪ್ಪನ ಸಂಗತಿ ಗೊತ್ತಿತ್ತು. ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡು ಗುಂಡಿಗೆ ಇಳಿಯುತ್ತಿದ್ದರು. ಆದರೆ ಬಿಚ್ಚಿದ್ದನ್ನು ಗುಜರಿಗೆ ಎಸೆಯಲು ಅವರ ಕೈ ಬರುತ್ತಿರಲಿಲ್ಲ. "ಉಸಿರಾಡೋದನ್ನ ಹೂಳಿದಂಗ ಆಗತೈತ್ರಿ" ಎಂದರು ಒಂದು ದಿನ. ಆಗ ಭೀಮರಾಜನೇ ಆ ಮೊಳೆ ತಂದು ಬೇವಿನ ಮರಕ್ಕೆ ಹೊಡೆದ. ಬಿಚ್ಚಿದ ಸಾಮಾನನ್ನು ಸಾಬರು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಬೆರಳಾಡಿಸಿ, ಸರಿಯೆನಿಸಿದರೆ ತಂತಿ ಕಟ್ಟಿ ಮೊಳೆಗೆ ತೂಗುಹಾಕಬೇಕು. ದಾರಿಯಲ್ಲಿ ಕೆಟ್ಟು ನಿಂತವರು, ಕೈ ಖಾಲಿ ಇದ್ದವರು ಕೇಳದೆಯೇ ಒಯ್ಯಬಹುದು.

ಇದರ ಸುದ್ದಿ ಅಕ್ಕಪಕ್ಕದ ತಾಲೂಕುಗಳಿಗೂ ಹಬ್ಬಿತು. ಉಜ್ಜಿನಿಗೆ ಭಕ್ತರನ್ನು ಒಯ್ಯುವ ಗಾಡಿಗಳವರು, ಹರಪನಹಳ್ಳಿಯವರು, ಹಡಗಲಿಯವರು ಮರದ ಕೆಳಗೆ ನಿಂತು ಕತ್ತೆತ್ತಿ ನೋಡತೊಡಗಿದರು. ಬರಬರುತ್ತಾ ಜನರ ಬಾಯಲ್ಲಿ ಬೇರೊಂದು ಮಾತೇ ಹುಟ್ಟಿತು: "ಅಂಗಡ್ಯಾಗಿನ ಹೊಸದು ಹೆಂಗಿರತೈತೋ ಯಾವನು ಕಂಡಾನ? ಭೀಮಣ್ಣ ಬಿಚ್ಚಿಸಿದ್ದು ಅಂದ್ರ ಓಡಿ ತೋರಿಸಿದ್ದು, ಇನ್ನೂ ಅರ್ಧ ಆಯಸ್ಸು ಇದ್ದದ್ದು." ಹೊಸದು ಕೊಳ್ಳಲು ಶಕ್ತಿಯಿದ್ದವರೂ ಮೊಳೆಗೆ ಕೈ ಹಾಕಿದರು. ಭೀಮರಾಜನಿಗೆ ಇದು ತಿಳಿಯದ್ದೇನಲ್ಲ. ಸಂತೆಯಲ್ಲಿ ಗುರುತಿಲ್ಲದವರು ಕೈಮುಗಿದಾಗ ಅವನ ಎದೆ ಒಂದು ಗೇಣು ಅಗಲವಾಗುತ್ತಿತ್ತು.

ಹೋದ ವರ್ಷ ಮುಂಗಾರಿನ ಮುಂಚೆ ಗಾಳಿ ಎದ್ದಿತು. ಹೊಲಗಳಲ್ಲಿ ಕಂಬಗಳು ಸಾಲಾಗಿ ಮಲಗಿದವು. ಇಲಾಖೆಯ ಗಾಡಿ ಸಾಲದೆ ಭೀಮರಾಜ ತನ್ನ ಕಾರಿಗೇ ತಂತಿಯ ಸುರುಳಿ ಹೇರಿಕೊಂಡು, ಬಂಡಿಜಾಡುಗಳಲ್ಲಿ ಕುಲುಕಾಡುತ್ತಾ ತಿರುಗಿದ. ಆ ದಿನಗಳಲ್ಲೇ ಮುಂದಿನ ಚಕ್ರಗಳ ಹತ್ತಿರ ಸದ್ದು ಶುರುವಾಯಿತು. ಸ್ಟೇರಿಂಗ್ ತಿರುಗಿಸಿದಾಗ ಕಟಕ್. ಗುಂಡಿಗೆ ಇಳಿದಾಗ ಕಟಕ್.

ಅದೇನೆಂದು ಅವನಿಗೆ ಗೊತ್ತಿತ್ತು. ಬಾಲ್ ಜಾಯಿಂಟ್. ನಮ್ಮ ತೊಡೆಯ ಮೂಳೆ ಸೊಂಟದ ಗೂಡಿನಲ್ಲಿ ಕೂತಂತೆ, ಕಬ್ಬಿಣದ ಗುಂಡೊಂದು ಬಟ್ಟಲಲ್ಲಿ ಕೂತು ಮುಂದಿನ ಚಕ್ರವನ್ನು ಗಾಡಿಗೆ ಹಿಡಿದಿರುತ್ತದೆ. ಎಡಕ್ಕೊಂದು, ಬಲಕ್ಕೊಂದು. ಬಟ್ಟಲು ಸವೆದು ಗುಂಡು ಹೊರಬಿತ್ತೆಂದರೆ ಚಕ್ರ ಮುರಿದ ಕಾಲಿನಂತೆ ಮಡಚಿಕೊಳ್ಳುತ್ತದೆ. ಆ ಗಳಿಗೆಯಲ್ಲಿ ಗಾಡಿ ಎಷ್ಟು ಜೋರಾಗಿತ್ತು, ಎದುರಿಗೆ ಏನಿತ್ತು ಎಂಬುದರ ಮೇಲೆ ಒಳಗಿದ್ದವರ ಹಣೆಬರಹ.

ಇದು ಗೊತ್ತಿದ್ದೂ ಒಂದು ಹುಣ್ಣಿಮೆ ತಪ್ಪಿತು, ಇನ್ನೊಂದು ತಪ್ಪಿತು. ಕತ್ತಲಲ್ಲಿ ಕೂತ ಹಳ್ಳಿಗಳಿಂದ ಫೋನಿನ ಮೇಲೆ ಫೋನು. ನಾಳೆ ನಾಳೆ ಎನ್ನುತ್ತಾ ಅವನು ಜೀವನದಲ್ಲಿ ಮೊದಲ ಸಲ ಒಂದು ಸಾಮಾನನ್ನು ನರಳುವ ತನಕ ಓಡಿಸಿದ. ಕೊನೆಗೊಮ್ಮೆ ಬಿಡುವು ಸಿಕ್ಕಿ ಗ್ಯಾರೇಜಿಗೆ ಹೋದಾಗ ಸಾಬರು ಎರಡೂ ಕಡೆಯ ಜಾಯಿಂಟ್ ಬಿಚ್ಚಿ ಹೊಸವು ಕೂರಿಸಿದರು. ಅಷ್ಟರಲ್ಲಿ ಹೆದ್ದಾರಿಯಲ್ಲಿ ಲಾರಿಯೊಂದು ನಿಂತಿದೆಯೆಂದು ಕರೆ ಬಂತು.

"ನೀವs ಸ್ವಲ್ಪ ಬೆರಳಾಡಿಸಿ ನೋಡ್ರಿ ಭೀಮಣ್ಣ. ಚಲೋ ಇದ್ರ ತೂಗುಹಾಕ್ರಿ, ಇಲ್ಲಂದ್ರ ಗುಜರಿಗೆ" ಎಂದು ಹೇಳಿ ಸಾಬರು ಬೈಕು ಹತ್ತಿದರು.

ಭೀಮರಾಜ ಒಂದನ್ನು ಕೈಗೆತ್ತಿಕೊಂಡ. ಗುಂಡು ಬಟ್ಟಲಲ್ಲಿ ಲೊಡಲೊಡ ಆಡಿತು. ಗುಜರಿಯ ಡಬ್ಬಿಯ ಕಡೆ ತಿರುಗುತ್ತಿದ್ದನೇನೋ. ಆದರೆ ಮರದ ಕೆಳಗೆ ಒಬ್ಬ ಕಾಯುತ್ತಾ ಕೂತಿದ್ದ. ಕೊಟ್ಟೂರಿನ ಕಾಲೇಜೊಂದರ ಅಟೆಂಡರ್ ಕೊಟ್ರಬಸಪ್ಪ.

"ಬಂತಲ್ರೀ ಭೀಮಣ್ಣನ ಸಾಮಾನು!" ಎಂದು ಎದ್ದ ಅವನು. "ನನ್ನ ಗಾಡಿ ಎಡಗಡೀದು ಪೂರಾ ಹೋಗೈತ್ರಿ. ನೀವು ಎಂದೂ ಕೆಟ್ಟದ್ದು ಹಾಕಾವ್ರಲ್ಲ ಅಂತ ಕೂಡ್ಲಿಗಿ ಮಟ ಬಂದೀನಿ."

ಈ ಸಲ ನಾನೂ ಕೆಡುವ ತನಕ ಓಡಿಸಿದೆ ಎಂದು ಭೀಮರಾಜ ಹೇಳುವುದಷ್ಟೇ ಇತ್ತು. ಹೇಳಲಿಲ್ಲ. ಈ ಸಲದ್ದು ಬ್ಯಾಡ ಬಿಡಪ್ಪ ಎನ್ನಬಹುದಿತ್ತು, ಆದರೆ ಕೊಟ್ರಬಸಪ್ಪ ಯಾಕೆ ಎಂದು ಕೇಳುತ್ತಿದ್ದ. ಭೀಮರಾಜನ ಕೈ ತಂತಿ ಸುತ್ತಿತು, ಜೋಡಿಯನ್ನು ಮೊಳೆಗೆ ತೂಗಿತು, ಮುಖ ನಕ್ಕಿತು. ಮನೆಗೆ ಬಂದು ಕೈ ತೊಳೆದ. ಎಷ್ಟು ಸಾಬೂನು ಹಚ್ಚಿದರೂ ಆ ಗ್ರೀಸು ಹೋಗಲಿಲ್ಲ. "ಏನ್ ಹತ್ತೈತಿ ಅಂತೀನಿ, ಚರ್ಮ ಕಿತ್ತು ಬರ್ತೈತಿ ನೋಡು" ಎಂದು ಕನಕಮ್ಮ ತಂಬಿಗೆ ಕಸಿದುಕೊಂಡಳು.

ಆಮೇಲೆ ಅವನು ಮೊಳೆಯ ಕಡೆ ನೋಡುವುದನ್ನೇ ಬಿಟ್ಟ. ಇನ್ನೊಂದು ಅಲ್ಲೇ ಇದೆಯೋ, ಯಾರಾದರೂ ಒಯ್ದರೋ ಎಂದು ಸಾಬರನ್ನು ಕೇಳಲೂ ಇಲ್ಲ. ಏನೂ ಆಗದೆ ದಿನ ಕಳೆದಂತೆ, ಏನೂ ಆಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಯರ್ರೆಪ್ಪ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ.

ದೀಪಾವಳಿಯ ಆಚೆ ಕೊಟ್ರಬಸಪ್ಪನ ಕಾರು ಉಜ್ಜಿನಿ ರಸ್ತೆಯಲ್ಲಿ ಚಕ್ರ ಮಡಚಿಕೊಂಡು ಹೊಲಕ್ಕೆ ನುಗ್ಗಿತು. ಸುದ್ದಿ ತಂದ ಸಾಬರ ಮುಖದಲ್ಲಿ ಸಂಶಯವೇನೂ ಇರಲಿಲ್ಲ. ಭೀಮರಾಜ ಮಾತ್ರ ಎದ್ದ ಕಾಲಲ್ಲೇ ಕೊಟ್ಟೂರಿನ ಆಸ್ಪತ್ರೆಗೆ ಹೋದ. ಕೊಟ್ರಬಸಪ್ಪನ ಕಾಲು ಸಿಮೆಂಟಿನ ಪಟ್ಟಿಯಲ್ಲಿತ್ತು, ತಲೆಗೆ ಬಟ್ಟೆ ಸುತ್ತಿತ್ತು. ಇವನನ್ನು ಕಂಡವನೇ ಎರಡೂ ಕೈ ಎತ್ತಿದ.

"ಜೀವ ಉಳೀತಲ್ರೀ ಭೀಮಣ್ಣ! ನಿಮ್ಮ ಸಾಮಾನು ಇದ್ದದ್ದಕ್ಕ ಇಷ್ಟರಾಗ ಹೋತು. ಬ್ಯಾರೆ ಯಾವನದಾದ್ರೂ ಇದ್ದಿದ್ರ ನಾ ಎಲ್ಲಿರ್ತಿದ್ದೆ?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಭೀಮರಾಜ ಮಂಚದ ಕಂಬಿ ಹಿಡಿದು ನಿಂತ. ಕೇಳಿದ: "ಇನ್ನೊಂದಿತ್ತಲ್ಲಪಾ, ಅದನ್ನೂ ನೀನs ಒಯ್ದೇನು?"

"ಇಲ್ರಿ. ನನಗ ಬೇಕಾದ್ದು ಒಂದs. ಇನ್ನೊಂದು ಯಾರಿಗಾರ ಆಗ್ಲಿ ಅಂತ ಮೊಳಿಗೇ ಬಿಟ್ಟೆ. ಆಸಿ ಮಾಡಬಾರದಲ್ರಿ."

ಒಂದೇ ದಿನ ಕೂರಿಸಿದ ಜೋಡಿ ಅದು. ಒಂದೇ ಕಾರಿನಲ್ಲಿ, ಒಂದೇ ಬಂಡಿಜಾಡಿನಲ್ಲಿ ಸವೆದದ್ದು. ಒಂದು ಮುರಿದಿದೆ. ಇನ್ನೊಂದು ಎಲ್ಲೋ ಒಂದು ಗಾಡಿಯ ಹೊಟ್ಟೆಯಲ್ಲಿ ಕೂತು ಈ ಗಳಿಗೆಯಲ್ಲೂ ಓಡುತ್ತಿರಬಹುದು.

ಭೀಮರಾಜ ಗ್ಯಾರೇಜಿಗೆ ಬಂದು ಸಾಬರಿಗೆ ಎಲ್ಲ ಹೇಳಿದ. ಸಾಬರು ಕೈಯಲ್ಲಿದ್ದ ಪಾನಾವನ್ನು ನಿಧಾನವಾಗಿ ನೆಲಕ್ಕಿಟ್ಟರು.

"ಲೊಡಲೊಡ ಅಂದದ್ದು ಗೊತ್ತಿದ್ದೂ ತೂಗಿದ್ರೇನು?"

"ಹೂನ್ರಿ."

"ಯಾ ಅಲ್ಲಾ..." ಎಂದು ಸಾಬರು ಗಡ್ಡ ಹಿಡಿದು ಕೂತರು. ಮರದ ಕೆಳಗೆ ಯಾರು ಬಂದರು, ಯಾರು ಹೋದರು ಎಂದು ಅವರು ಬರೆದಿಟ್ಟವರಲ್ಲ. ಕಣ್ಣು ಮುಚ್ಚಿ ನೆನಪು ಕೆದಕಿದರು. "ಒಬ್ಬಾತ ಬಂದಿದ್ದ ನೋಡ್ರಿ. ಮಾರಿ ನೆನಪಿಲ್ಲ. ಗಾಡಿ ಬಾಗಿಲ ತೆಗೆದ್ರ ಮಲ್ಲಿಗಿ ವಾಸನಿ ಹೊಡೀತಿತ್ತು. ಮೂಗು ಕಟ್ಟಿ ಎರಡು ಸಲ ಸೀನಿದೆ ನಾನು."

ಮಲ್ಲಿಗೆಯೆಂದರೆ ಹಡಗಲಿ. ಹೊಸ ಜಾಯಿಂಟೊಂದನ್ನು ಅಂಗಡಿಯಿಂದ ತೆಗೆದುಕೊಂಡು, ಸಾಬರನ್ನೂ ಕೂರಿಸಿಕೊಂಡು ಭೀಮರಾಜ ಹೊರಟ. ದಾರಿಯುದ್ದಕ್ಕೂ ಎದುರಿಗೆ ಆ ಮಾಡೆಲ್ಲಿನ ಬಿಳಿ ಕಾರು ಬಂದಾಗಲೆಲ್ಲ ಅವನ ಕಣ್ಣು ಅದರ ಮುಂದಿನ ಚಕ್ರಕ್ಕೆ ಅಂಟುತ್ತಿತ್ತು. ಒಂದರಲ್ಲಿ ಹಿಂದಿನ ಸೀಟಿನ ತುಂಬ ಯೂನಿಫಾರಂ ಹಾಕಿದ ಮಕ್ಕಳು ಕಿಟಕಿಗೆ ಮೂಗು ಒತ್ತಿಕೊಂಡಿದ್ದರು. "ರಸ್ತಿ ನೋಡ್ರಿ ಭೀಮಣ್ಣ, ನಾವs ಹೋಗಿಬಿಟ್ಟೀವಿ" ಎಂದರು ಸಾಬರು. ಇಬ್ಬರೂ ನಗಲಿಲ್ಲ.

ಹಡಗಲಿಯ ಹೂವಿನ ಜನರಲ್ಲಿ ನಾಲ್ಕಾರು ಕಡೆ ವಿಚಾರಿಸಿದ ಮೇಲೆ ಬೊಮ್ಮಯ್ಯ ಎಂಬವನ ಮನೆ ಸಿಕ್ಕಿತು. ಮೊಗ್ಗು ತುಂಬಿಕೊಂಡು ಊರೂರಿಗೆ ಕಾರು ಓಡಿಸುವವನು. ಮಧ್ಯಾಹ್ನದ ಊಟ ಮುಗಿಸಿ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತಿದ್ದ. ಭೀಮರಾಜ ಜಾಯಿಂಟಿನ ಮಾತೆತ್ತಿದ್ದೇ ತಡ, ಅವನ ಮುಖ ಅರಳಿತು.

"ಭೀಮಣ್ಣನ ಸಾಮಾನು ಕೇಳ್ತೀರೇನ್ರೀ? ಅದರ ಮುಂದ ಯಾವದೂ ಇಲ್ರಿ. ಕಟಕಟ ಅಂತಿತ್ತು, ಅಂದ್ರ ಏನಾತು, ಭೀಮಣ್ಣಂದು ಅಂದ ಮ್ಯಾಲೆ ಧೈರ್ಯ ಇರತೈತಿ."

"ಧೈರ್ಯ ಬ್ಯಾಡೋ ಮಾರಾಯ, ಅದು ಕೆಟ್ಟೈತಿ. ಈಗs ಬಿಚ್ಚಬೇಕು. ಹೊಸದು ತಂದೀನಿ."

ಬೊಮ್ಮಯ್ಯ ಬಾಯಲ್ಲಿದ್ದುದನ್ನು ಉಗಿದು, ಇವನನ್ನು ಮೇಲಿಂದ ಕೆಳಗೆ ನೋಡಿದ. "ಭೀಮಣ್ಣಂದು ಕೆಟ್ಟೈತಿ ಅಂತೀಯಲ್ಲ, ನೀ ಯಾರಪಾ? ಅಂಗಡಿಯವನೇನು?"

"ನಾನs ಲೇ ಭೀಮಣ್ಣ!"

ಬೊಮ್ಮಯ್ಯ ಸಾಬರ ಕಡೆ ನೋಡಿದ. ಸಾಬರು ತಲೆಯಾಡಿಸಿದರು. ತಕ್ಷಣ ಅವನು ಎದ್ದು ಹೆಗಲ ಮೇಲಿನ ಟವೆಲ್ಲಿನಿಂದ ಕಟ್ಟೆ ಒರೆಸಿದ. "ಅಯ್ಯ ಅಣ್ಣಾ, ಕೂಡ್ರಿ, ಕೂಡ್ರಿ! ನಿಮಗೊಂದು ತೋರಿಸ್ತೀನಿ ಬರ್ರಿ" ಎಂದು ಮನೆಯ ಮಗ್ಗುಲಿನ ಶೆಡ್ಡಿಗೆ ಕರೆದೊಯ್ದ. ಅಲ್ಲಿ ಗೋಡೆಗೆ ಒಂದು ಮೊಳೆ. ಅದಕ್ಕೊಂದು ಹಳೇ ಬೆಲ್ಟು, ತಂತಿಯಲ್ಲಿ ಕಟ್ಟಿದ ಎರಡು ಪ್ಲಗ್ಗು.

"ನಮ್ಮೂರಾಗೂ ಒಂದು ಮಾಡೀನ್ರಿ, ನಿಮ್ಮನ್ನ ನೋಡಿ. ನನಗ ಹೋದ ತಿಂಗಳು ಹೊಸದು ಹಾಕಿಸಾಕ ಅನುಕೂಲ ಆತು. ನಿಮ್ಮದನ್ನ ಬಿಚ್ಚಿಸಿ ಇಲ್ಲೇ ತೂಗಿದ್ದೆ. ಎರಡು ದಿನಾನೂ ಇರ್ಲಿಲ್ರಿ, ಹೊಂಟುಹೋತು!"

ಭೀಮರಾಜನ ಕೈಯಲ್ಲಿದ್ದ ಹೊಸ ಜಾಯಿಂಟಿನ ಡಬ್ಬಿ ಕೆಳಗೆ ಬಿತ್ತು. ಸಾಬರು ಅದನ್ನು ಎತ್ತಿಕೊಂಡರು. "ಯಾರು ಒಯ್ದ್ರು?"

ಒಯ್ದವಳು ಕೌಸರ್. ಹರಪನಹಳ್ಳಿಯಲ್ಲಿ ಶಾಲಾ ಟೀಚರು. ಸಂಬಂಧಿಕರ ಮದುವೆಗೆ ಹೂವಿಗೆಂದು ಬಂದಾಗ ಅವಳ ಕಾರು ಇಲ್ಲೇ ಸದ್ದು ಮಾಡಿತ್ತು. ಬೊಮ್ಮಯ್ಯನ ಓಣಿಯ ಮೆಕ್ಯಾನಿಕ್ಕೇ ಕೂರಿಸಿಕೊಟ್ಟಿದ್ದ. ಹೂವಿನ ಗಿರಾಕಿಯಾದ್ದರಿಂದ ನಂಬರಿತ್ತು. ಬೊಮ್ಮಯ್ಯ ಅದನ್ನು ಭೀಮರಾಜನ ಫೋನಿನಲ್ಲಿ ಒತ್ತಿಕೊಟ್ಟ. ಫೋನು ಬಹಳ ಹೊತ್ತು ಬಡಿದುಕೊಂಡು, ಕೊನೆಗೆ ಗಾಳಿಯ ಸದ್ದಿನ ನಡುವೆ ಒಂದು ಹೆಣ್ಣುದನಿ ಕೇಳಿತು.

"ಹಲೋ, ಗಾಡಿ ಓಡಿಸ್ತಾ ಇದೀನಿ, ಬೇಗ ಹೇಳ್ರಿ."

"ಅವ್ವಾ, ಗಾಡಿ ನಿಲ್ಲಿಸ್ರಿ. ನಿಮ್ಮ ಗಾಡಿ ಮುಂದಿನ ಚಕ್ರದ್ದು ಒಂದು ಸಾಮಾನು ಮುರೀತೈತಿ."

"ಯಾರು ನೀವು?"

"ನನ್ನ ಹೆಸರು ಭೀಮರಾಜ ಅಂತ. ನೀವು ಹಾಕಿಸಿದ್ದು ನನ್ನ ಸಾಮಾನು."

ಹಿಂದಿನಿಂದ ಮುದುಕಿಯೊಬ್ಬಳ ಜೋರು ದನಿ ಬಂತು. ಕೌಸರಳ ತಾಯಿ ಲಾಲ್ ಬೀ. "ಕಟ್ ಮಾಡೇ, ಕಟ್ ಮಾಡು! ಟೀವಿಯಲ್ಲಿ ತೋರಿಸ್ತಾರಲ್ಲ ಇಂಥೋರನ್ನ. ಮೊದ್ಲು ಹೆದರಿಸ್ತಾರೆ, ಆಮೇಲೆ ಓಟೀಪಿ ಕೇಳ್ತಾರೆ!"

ಆ ದನಿಯ ಕೆಳಗೆ, ಸ್ಪಷ್ಟವಾಗಿ, ಇನ್ನೊಂದು ಕೇಳಿತು. ಕಟಕ್. ಸ್ವಲ್ಪ ಬಿಟ್ಟು ಮತ್ತೆ ಕಟಕ್ ಕಟಕ್. ಸಾಬರಿಗೂ ಕೇಳಿತು. ಅವರು ಫೋನನ್ನು ಕಸಿದು ಬೊಮ್ಮಯ್ಯನ ಬಾಯಿಗೆ ಹಿಡಿದರು.

"ಟೀಚರ್ರೇ, ನಾನ್ರೀ, ಹೂವಿನ ಬೊಮ್ಮಯ್ಯ! ಅಣ್ಣ ಹೇಳೋದು ಖರೇ ಐತಿ. ನಿಲ್ಲಿಸ್ರಿ."

"ಬೊಮ್ಮಯ್ಯನಾ? ಸರಿ, ಮುಂದೆ ಹಳ್ಳದ ಸೇತುವೆ ಇದೆ, ಇಕ್ಕಟ್ಟು. ಅದನ್ನ ದಾಟಿ ಸೈಡಿಗೆ ಹಾಕ್ತೀನಿ."

"ದಾಟಬ್ಯಾಡ್ರಿ!" ಭೀಮರಾಜ ಕಿರುಚಿದ. "ಸೈಡಿಗೂ ಬ್ಯಾಡ! ತಿರುಗಿಸಲೇಬ್ಯಾಡ್ರಿ ಅವ್ವಾ. ಹೆಂಗ ಹೊಂಟೀರೋ ಹಂಗs, ಮೆಲ್ಲಕ ಬ್ರೇಕ್ ಒತ್ರಿ."

ಲಾರಿಯ ಹಾರ್ನು ಕಿವಿ ಹರಿಯುವಂತೆ ಕೇಳಿತು. ಲಾಲ್ ಬೀ ಏನೋ ಕೂಗಿದಳು. ಲೋಹ ಕಲ್ಲಿಗೆ ಉಜ್ಜಿದಂಥ ಸದ್ದು. ಆಮೇಲೆ ಏನೂ ಇಲ್ಲ. ಶೆಡ್ಡಿನಲ್ಲಿ ಮೂವರು ಗಂಡಸರು ಒಂದು ಫೋನಿಗೆ ಕಿವಿ ಕೊಟ್ಟು ನಿಂತರು. ಬೊಮ್ಮಯ್ಯನ ಟವೆಲ್ಲು ಅವನ ಬಾಯಲ್ಲಿತ್ತು.

"ನಿಂತಿದೆ" ಎಂದಿತು ಕೌಸರಳ ದನಿ, ಬಾವಿಯೊಳಗಿಂದ ಬಂದಂತೆ. "ಚಕ್ರ ಹಂಗೇ ಮಲಗಿಬಿಡ್ತು. ಸೇತುವೆ ಇಲ್ಲೇ ಇದೆ. ಇಲ್ಲೇ, ಮುಂದೇನೇ ಇದೆ."

ಭೀಮರಾಜ ಮತ್ತು ಸಾಬರು ಅಲ್ಲಿಗೆ ಮುಟ್ಟುವಾಗ ಬಿಸಿಲು ಇಳಿದಿತ್ತು. ಸೇತುವೆಗೆ ತಡೆಗಲ್ಲುಗಳಿರಲಿಲ್ಲ. ಲಾಲ್ ಬೀ ರಸ್ತೆಯಂಚಿನ ಕಲ್ಲಿನ ಮೇಲೆ ಕೂತು ಮಣಿ ಎಣಿಸುತ್ತಿದ್ದಳು, ಮಗಳು ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದಳು. ಸಾಬರು ಜಾಕು ಕೊಟ್ಟು ಗಾಡಿ ಎತ್ತಿ, ಹೊಸದನ್ನು ಕೂರಿಸಿದರು. ಹಳೆಯದರ ಗುಂಡು ಬೇರೆ, ಬಟ್ಟಲು ಬೇರೆಯಾಗಿ ಕೈಗೆ ಬಂತು. ಭೀಮರಾಜ ಎರಡನ್ನೂ ಹಳ್ಳಕ್ಕೆ ಎಸೆದು, ಅವು ಮುಳುಗಿದ್ದನ್ನು ನೋಡಿದ. ಕೌಸರ್ ಥ್ಯಾಂಕ್ಸ್ ಎಂದಳು. ಕೆಟ್ಟದ್ದೆಂದು ಗೊತ್ತಿದ್ದೂ ತಾನೇ ಮೊಳೆಗೆ ತೂಗಿದ್ದನ್ನು ಭೀಮರಾಜ ಹೇಳಿದ. ಅವಳು ತಾಯಿಯನ್ನು ಎಬ್ಬಿಸಿಕೊಂಡು ಕಾರು ಹತ್ತಿದಳು.

ಮರುದಿನ ಬೇವಿನ ಮರದ ಮೊಳೆಯನ್ನು ಭೀಮರಾಜನೇ ಕಿತ್ತ. ಈಗಲೂ ಹುಣ್ಣಿಮೆಗೆ ಬಂದು ಬಿಚ್ಚಿಸುತ್ತಾನೆ. ಬಿಚ್ಚಿದ ಕೂಡಲೇ ಸುತ್ತಿಗೆಯಿಂದ ಜಜ್ಜಿಯೋ ಬ್ಲೇಡಿನಿಂದ ಕೊಯ್ದೋ ಗುಜರಿಗೆ ಹಾಕುತ್ತಾನೆ. ಭೀಮಣ್ಣನಿಗೆ ಜಿಪುಣತನ ಬಂದಿದೆ, ಸಂಬಳ ಏರಿದ ಮೇಲೆ ಬುದ್ಧಿ ಇಳಿದಿದೆ ಎಂದು ಸಂತೆಯಲ್ಲಿ ಮಾತು. ಕನಕಮ್ಮ ಯಾರ ಜೊತೆಗೋ ಇದಕ್ಕಾಗಿ ಜಗಳವನ್ನೂ ಮಾಡಿ ಬಂದಳು.

ಈ ಸಲದ ಹುಣ್ಣಿಮೆಯಲ್ಲಿ ಬ್ರೇಕಿನ ರಬ್ಬರ್ ಪೈಪುಗಳನ್ನು ಬಿಚ್ಚಿಸಿದ. ಮೆತ್ತಗೆ, ಬಿರುಕಿಲ್ಲದೆ, ಹೊಸದರಂತೆಯೇ ಇದ್ದವು. ಸಾಬರು ಊದಿ ನೋಡಿ "ಏನೂ ಆಗಿಲ್ಲ" ಎಂದರು. ಹೊನ್ನೂರಸ್ವಾಮಿ ಎಂಬವನು ಆಗಲೇ ಬಂದ. ಅದೇ ಮಾಡೆಲ್ಲಿನ ಬಿಳಿ ಕಾರು, ಒಳಗೆ ಹೆಂಡತಿ, ಮಡಿಲಲ್ಲಿ ಕೂಸು.

"ಅಣ್ಣಾ, ನನ್ನ ಪೈಪು ನೋಡ್ರಿ, ಕಪ್ಪೆ ಹೊಟ್ಟಿ ಆದಂಗ ಉಬ್ಬೈತಿ. ಆ ನಿಮ್ಮ ಹಳೇವು ಕೊಟ್ಟುಬಿಡ್ರಿ."

ಭೀಮರಾಜ ಮಾತಾಡದೆ ಬ್ಲೇಡು ತೆಗೆದುಕೊಂಡು, ಅವನ ಕಣ್ಣೆದುರೇ ಪೈಪುಗಳನ್ನು ತುಂಡು ತುಂಡು ಮಾಡಿದ.

ಹೊನ್ನೂರಸ್ವಾಮಿಯ ಮುಖ ಕೆಂಪಾಯಿತು. "ಕೊಡಂಗಿಲ್ಲ ಅಂದಿದ್ರ ಸಾಕಿತ್ರಿ. ಮಾರಿ ಮುಂದ ಕೊಯ್ದು ತೋರಿಸ್ಬೇಕಾ?" ಎಂದು ಬಾಗಿಲು ಬಡಿದು ಗಾಡಿ ಎಬ್ಬಿಸಿದ.

"ಹೊಸದು ನಾ ಹಾಕಿಸ್ತೀನಿ ಬಾರೋ! ನಿಲ್ಲೋ! ಲೇ ತಮ್ಮಾ, ನಿಲ್ಲೋ!" ಭೀಮರಾಜ ಬ್ಲೇಡು ಹಿಡಿದುಕೊಂಡೇ ರಸ್ತೆಗೆ ಓಡಿದ. ಕಾರು ಕೊಟ್ಟೂರಿನ ಕಡೆ ಧೂಳೆಬ್ಬಿಸಿಕೊಂಡು ಹೋಗಿಯೇಬಿಟ್ಟಿತು. ಅವನ ನಂಬರು ಇಬ್ಬರಿಗೂ ಗೊತ್ತಿರಲಿಲ್ಲ.

ಸಂಜೆಯಾದರೂ ಭೀಮರಾಜ ರಸ್ತೆಯಂಚು ಬಿಟ್ಟು ಬರಲಿಲ್ಲ. ಆ ಕಾರು ವಾಪಸು ಹಾಯಲಿಲ್ಲ. ಸಾಬರು ತಗಡು ಎಳೆದು ಬೀಗ ಹಾಕಿ, ಅವನ ಪಕ್ಕ ಬಂದು ನಿಂತರು.

"ಆ ಕಡೆಯಿಂದ ಬ್ಯಾರೆ ದಾರಿನೂ ಐತ್ರಿ ಭೀಮಣ್ಣ" ಎಂದರು. "ಅದ್ರಾಗ ಹೋಗಿರಬೇಕು."